ಮಡಿಚುವ ಗಾರ್ಡಿನ ಅಡಿಯ ಇಸವಿ

2016ರ ಅಕ್ಟೋಬರ್ 17, ಸೋಮವಾರ, ಬೆಳಗ್ಗೆ 9.40. ಅಮೆರಿಕದ ಟೆಕ್ಸಸ್‌ನ ಸೌತ್‌ಲೇಕ್ ಪೊಲೀಸ್ ಠಾಣೆಗೆ ನಿವೃತ್ತ ಪೈಲಟ್ ಹಾಲ್ಬರ್ಟ್ ಉದ್ದನೆಯ ಮರದ ಪೆಟ್ಟಿಗೆ ಹೊತ್ತು ಬಂದ. ಒಳಗೆ ಹಳೆಯ ಫ್ರೆಂಚ್ ಕತ್ತಿ. ನಮ್ಮಲ್ಲಿ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಬೇರೆ ಹೆಸರು. ಬರೆಯುವ ಕಷ್ಟ ಒಂದೇ. ಡಿಟೆಕ್ಟಿವ್ ವಸಂತಾ ಹೊಸಮನಿ ಬರೆಯತೊಡಗಿದಳು. ಹುಬ್ಬಳ್ಳಿಯಿಂದ ಒಂಬತ್ತನೇ ವಯಸ್ಸಿಗೆ ಬಂದವಳು, ಈ ಕೆಲಸದಲ್ಲಿ ಹನ್ನೊಂದು ವರ್ಷ.

ಕತ್ತಿ ಹಿಡಿದ ಕೈಗೆ ಏಟು ಬೀಳದಂತೆ ಕಾಯುವ ಲೋಹದ ಗಾರ್ಡ್ ಈ ಕತ್ತಿಯಲ್ಲಿ ಮಡಿಚುತ್ತಿತ್ತು. ಸೊಂಟಕ್ಕೆ ಕಟ್ಟಿದಾಗ ಕೋಟಿಗೆ ಉಜ್ಜದಿರಲೆಂದು ಯಾರೋ ಹುಡುಕಿದ ಉಪಾಯ. ಸಣ್ಣ ಗುಂಡಿ ಒತ್ತಿ ಅದನ್ನು ಬಿಡಿಸಿದರೆ ಅಡಿಯಲ್ಲಿ ಮಾಡಿದವನ ಗುರುತು ಕಾಣಬೇಕು. ಅಲ್ಲಿ ಈಗ ಅರ ಹಾಕಿ ಉಜ್ಜಿದ ಹೊಳಪು ಮಾತ್ರ ಇತ್ತು. ಇನ್ನೂರೈವತ್ತು ವರ್ಷದ ವಸ್ತುವಿಗೆ ಹೀಗೆ ಮಾಡಿದ ಕೈಯನ್ನು ನೆನೆದು ವಸಂತಾಗೆ ಅಸಹ್ಯವಾಯಿತು.

"ಏನು ಬರೆದಿತ್ತು?"

"ಯಾವುದೋ ಅಂಕಿ. ನಾನು ಓದಿಟ್ಟುಕೊಳ್ಳಲಿಲ್ಲ," ಎಂದ ಹಾಲ್ಬರ್ಟ್. "ನಿಮ್ಮವರ ಆಯುಧ ಪೂಜೆಗೆ ಕೊಟ್ಟಿದ್ದೆ. ಹಚ್ಚಿದ ಗಂಧವನ್ನು ಒಂದು ವಾರ ಒರೆಸಬಾರದು ಅಂದಿದ್ದರು. ನಿನ್ನೆ ಒರೆಸಿದೆ."

ಮಧ್ಯಾಹ್ನದ ಹೊತ್ತಿಗೆ ಹ್ಯೂಸ್ಟನ್‌ನಿಂದ ಒಂದು, ಜಾರ್ಜ್‌ಟೌನ್‌ನಿಂದ ಒಂದು, ಅಂಥದೇ ದೂರು ಬಂದಿರುವುದು ಫೋನಿನಲ್ಲಿ ತಿಳಿಯಿತು. ಮೂರೂ ಮಡಿಚುವ ಗಾರ್ಡಿನ ಫ್ರೆಂಚ್ ಕತ್ತಿಗಳು. ಪೂಜೆ ಅಕ್ಟೋಬರ್ 8ರ ಶನಿವಾರ, ಫಾರ್ಮರ್ಸ್ ಬ್ರಾಂಚ್‌ನ ಬಾಡಿಗೆ ಹಾಲ್‌ನಲ್ಲಿ. ಮರುದಿನ ಮೂರನ್ನೂ ಮಾಲೀಕರಿಗೆ ಒಪ್ಪಿಸಿದವಳು ಆಸ್ಟಿನ್‌ನಲ್ಲಿ ಇತಿಹಾಸ ಓದುವ ನಿಹಾರಿಕಾ. ಮೂವರೂ ಅವಳ ಹೆಸರನ್ನೇ ಹೇಳಿದರು.

19ರಂದು ವಸಂತಾ ಆಸ್ಟಿನ್‌ಗೆ ಡ್ರೈವ್ ಮಾಡಿದಳು. ಮೈಸೂರಿನ ಹುಡುಗಿ, ಅತ್ತು ಅತ್ತು ಮುಖ ಊದಿತ್ತು.

"ಈ ಗಾರ್ಡ್ ಮೊದಲು ಎಲ್ಲಿ ಹುಟ್ಟಿತು ಅನ್ನೋದೇ ನನ್ನ ಥೀಸಿಸ್ ಮೇಡಂ. ಬೇಸಿಗೇಲಿ ಮೂರೂ ನೋಡಿದ್ದೆ. ಒಂದರಲ್ಲಿ 1762 ಅಂತಿತ್ತು."

"ಫೋಟೋ?"

"ನೀಲಕಂಠಪ್ಪ ಅಂಕಲ್ ಕ್ಯಾಮೆರಾದಲ್ಲಿ ತೆಗೆದ್ವಿ. ಕಳಿಸ್ತೀನಿ ಅಂದ್ರು, ಕಳಿಸಲೇ ಇಲ್ಲ. ಈಗ ಅವರೇ, ಇಸವಿಗಳನ್ನ ನಾನು ಸುಳ್ಳೇ ಕಟ್ಟಿದೆ, ಸಿಕ್ಕಿಬೀಳ್ತೀನಿ ಅಂತ ನಾನೇ ಉಜ್ಜಿದೆ ಅಂತ ಯೂನಿವರ್ಸಿಟಿಗೆ ಮೇಲ್ ಹಾಕಿದಾರೆ. 28ಕ್ಕೆ ವಿಚಾರಣೆ. ತೆಗೆದುಹಾಕಿದ್ರೆ ವೀಸಾನೂ ಹೋಗುತ್ತೆ."

ನೀಲಕಂಠಪ್ಪ ಯಾರೆಂದು ವಸಂತಾಗೆ ಹೇಳಬೇಕಿರಲಿಲ್ಲ. ಫಾರ್ಮರ್ಸ್ ಬ್ರಾಂಚ್‌ನಲ್ಲಿ ಲೇತ್ ವರ್ಕ್‌ಶಾಪ್ ಇಟ್ಟವರು, ಪ್ರತಿ ಸಮಾರಂಭದಲ್ಲೂ ಮೊದಲ ಸಾಲಿನ ಶಾಲು. ಪೂಜೆಗೆಂದು ಮೂವರಿಂದಲೂ ಕತ್ತಿ ಕೇಳಿ ತಂದವರು, ಒಂದು ವಾರ ಒರೆಸಬೇಡಿ ಎಂದವರೂ ಅವರೇ. ಮಡಿಚುವ ಗಾರ್ಡನ್ನು 1780ರ ಸುಮಾರಿಗೆ ತಮ್ಮ ಮುತ್ತಜ್ಜನ ಊರಿನ ಕಮ್ಮಾರ ಮೊದಲು ಮಾಡಿದ, ಫ್ರೆಂಚರು ನೋಡಿ ಕದ್ದರು ಎಂದು ಎರಡು ವರ್ಷದಿಂದ ಮೂರೂ ಊರುಗಳಲ್ಲಿ ಭಾಷಣ ಮಾಡುತ್ತಿದ್ದರು. ನವೆಂಬರ್ 5ರ ರಾಜ್ಯೋತ್ಸವದಲ್ಲಿ ಹ್ಯೂಸ್ಟನ್‌ನವರು ಸನ್ಮಾನ ಮಾಡುವವರಿದ್ದರು. 1762 ಎಂಬ ನಾಲ್ಕು ಅಂಕಿ ಆ ಶಾಲನ್ನೇ ಎಳೆದುಹಾಕುತ್ತಿತ್ತು.

ಹಿಂತಿರುಗುವಾಗ ವಸಂತಾ ತಾಯಿ ಕಮಲವ್ವನಿಗೆ ಫೋನ್ ಮಾಡಿದಳು.

"ಯವ್ವಾ, ಪೂಜಿ ಮಾಡಿದ ಆಯುಧ ವಾರಗಟ್ಲೆ ಒರಸಬಾರದೇನ?"

"ಯಾರ ಹೇಳಿದ್ರ ನಿನಗ? ದಶಮಿ ದಿವಸ ಒರಸಿ ಎತ್ತಿಡತಾರ. ಇಲ್ಲಂದ್ರ ತುಕ್ಕ ಹಿಡಿಯೂದಿಲ್ಲೇನ?"

ವಾರದ ನಿಯಮ ನೀಲಕಂಠಪ್ಪನವರು ಹೆಣೆದದ್ದು. ಹುಡುಗಿ ಕೈಯಿಂದ ಕತ್ತಿ ಮನೆ ಸೇರಬೇಕು, ಆಮೇಲೆ ಸಾವಕಾಶವಾಗಿ ಗಾಯ ಕಾಣಬೇಕು. ದೇವರ ಹೆಸರಿನಲ್ಲಿ ಹೂಡಿದ ಈ ಆಟ ನೆನೆದು ವಸಂತಾಗೆ ಬಾಯೆಲ್ಲ ಕಹಿಯಾಯಿತು.

ಆದರೆ ಕಹಿ ಸಾಕ್ಷ್ಯವಲ್ಲ. ಸಾಕ್ಷ್ಯ ಹಾಲ್ಬರ್ಟ್ ಬಳಿ ಇತ್ತು. ಎರವಲು ಕೊಟ್ಟ ವಸ್ತು ಮರಳಿದ ಕ್ಷಣವೇ, ತಂದವರ ಎದುರಿಗೇ, ಫೋಟೋ ತೆಗೆದಿಡುವುದು ಅವನ ಅಭ್ಯಾಸ. 9ರ ಫೋಟೋವನ್ನು ವಸಂತಾ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಳು. ಗಾರ್ಡ್ ಮಡಿಚಿದ್ದು, ಭಟ್ಟರು ಅಲಗಿನಿಂದ ಗಾರ್ಡಿನ ಮೇಲಕ್ಕೆ ಎಳೆದ ಗಂಧ ಒಣಗಿ ಗಟ್ಟಿಯಾಗಿತ್ತು, ಅದರ ಮೇಲೆ ಕುಂಕುಮ. ಗಾರ್ಡ್ ಬಿಡಿಸಿದ್ದರೆ ಗಂಧ ಒಡೆಯಬೇಕಿತ್ತು. ಒಂದು ಬಿರುಕೂ ಇರಲಿಲ್ಲ. ಹ್ಯೂಸ್ಟನ್ ಮತ್ತು ಜಾರ್ಜ್‌ಟೌನ್ ಮಾಲೀಕರೂ ಒರೆಸುವಾಗ ಗಂಧ ಇಡಿಯಾಗಿಯೇ ಇತ್ತೆಂದರು.

"ಅಂದರೆ ಪೂಜೆಗೆ ಮೊದಲೇ ಉಜ್ಜಿದ್ದಾರೆ," ಎಂದ ಜೊತೆಯ ಅಧಿಕಾರಿ ಗಾರ್ಝಾ. "ಹಿಂದಿನ ರಾತ್ರಿ ಕತ್ತಿಗಳು ಎಲ್ಲಿದ್ದವು?"

"ನೀಲಕಂಠಪ್ಪನವರ ಮನೆಯಲ್ಲಿ. ಹುಡುಗಿ ಆಸ್ಟಿನ್ ಬಿಟ್ಟದ್ದೇ ಶನಿವಾರ ಬೆಳಗ್ಗೆ."

ಠಾಣೆಯಲ್ಲಿದ್ದ ಕತ್ತಿಗೆ ಭೂತಗನ್ನಡಿ ಹಿಡಿದಾಗ ಇನ್ನೊಂದು ಕಂಡಿತು. ಅರದ ಗೀರುಗಳೊಳಗೆ ಹಳದಿ. ಎಣ್ಣೆಯಲ್ಲಿ ಕಲಸಿದ ಅರಿಶಿನ. ಹಾಲ್‌ನ ವಿಡಿಯೋದಲ್ಲಿ ಭಟ್ಟರ ತಟ್ಟೆಯಲ್ಲಿ ಅರಿಶಿನವೇ ಇರಲಿಲ್ಲ.

24ರ ಮಧ್ಯಾಹ್ನ 2.15ಕ್ಕೆ ಕೋರ್ಟಿನ ಆದೇಶದೊಂದಿಗೆ ಇಬ್ಬರೂ ನೀಲಕಂಠಪ್ಪನವರ ಬಾಗಿಲು ತಟ್ಟಿದರು. ಅವರು ನಗುತ್ತ ಪೇಢೆಯ ಡಬ್ಬಿ ಚಾಚಿದರು.

"ಬಾರವಾ, ನಮ್ಮ ಹುಬ್ಬಳ್ಳಿ ಮಗಳು. ಆ ಹುಡುಗಿದು ತಿಳೀತೇನು? ಪಾಪ, ಸಣ್ಣ ವಯಸ್ಸು."

ವಸಂತಾ ಡಬ್ಬಿ ಮುಟ್ಟಲಿಲ್ಲ. ಕೋರ್ಟಿನ ಆದೇಶ ತೆಗೆದು ಅವರ ಮುಂದೆ ಹಿಡಿದಳು.

ಪಂಚನಾಮೆ ಎನ್ನಬಹುದಾದ ಪಟ್ಟಿಯಲ್ಲಿ ಗಾರ್ಝಾ ಮೂರು ವಸ್ತು ಬರೆದ: ವರ್ಕ್‌ಶಾಪಿನಿಂದ ಸಣ್ಣ ಅರ, ದೇವರ ಕೋಣೆಯಿಂದ ಅರಿಶಿನ ಕಲಸಿದ ಬಟ್ಟಲು, ಕಪಾಟಿನಿಂದ ಕ್ಯಾಮೆರಾ. ಕ್ಯಾಮೆರಾದಲ್ಲಿ ಬೇಸಿಗೆಯ ಫೋಟೋಗಳೆಲ್ಲ ಇದ್ದವು. 1762, 1764, 1767.

"ಇದನ್ಯಾಕ ಅಳಿಸಲಿಲ್ಲರಿ?"

ನೀಲಕಂಠಪ್ಪನವರು ಕುರ್ಚಿ ಎಳೆದುಕೊಂಡು ಕೂತರು. "ಚೆಂದ ಬಂದಿದ್ವು."

"ಉಜ್ಜಿದ್ಯಾಕ?"

"ಮೂವತ್ತೊಂದು ವರ್ಷ ಈ ಊರಾಗ ಕಬ್ಬಿಣ ಕಡದೆ. ನಿಮ್ಮವರು ಏನ್ ಮಾಡ್ಯಾರ ಅಂತ ಒಬ್ಬರೂ ಕೇಳಲಿಲ್ಲ. ಆ ಭಾಷಣಕ್ಕ ಬಿಳಿ ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಆಮ್ಯಾಲ ಈ ಹುಡುಗಿ ಬಂದು ಇಸವಿ ತೋರಿಸಿದ್ಲು."

"ಮತ್ತ ಅರಿಶಿನ?"

ಅವರು ತಮ್ಮ ಅಂಗೈ ನೋಡಿಕೊಂಡರು. "ಪೂಜಿ ಮಾಡೋ ಆಯುಧ. ಗಾಯ ಮಾಡಿ ಹಂಗ ಬಿಡ್ಲಿಕ್ಕೆ ಜೀವ ಒಪ್ಪಲಿಲ್ಲವಾ. ಹಚ್ಚಿದೆ."

"ಕತ್ತಿಗೆ ಹಚ್ಚಿದ್ರಿ," ಎಂದಳು ವಸಂತಾ. "ಆ ಹುಡುಗಿಗೆ?"

ನೀಲಕಂಠಪ್ಪನವರು ಪೇಢೆಯ ಡಬ್ಬಿಯ ಮುಚ್ಚಳ ಹಾಕಿದರು. 3.50ಕ್ಕೆ ಬಂಧನ. ಬೇರೆಯವರ ವಸ್ತು ಹಾಳುಗೆಡವಿದ ಮೂರು ಆರೋಪಗಳು ದಾಖಲಾದವು. ಹುಡುಗಿಯ ಮೇಲೆ ಹೊರಿಸಿದ್ದಕ್ಕೆ ಯಾವ ಕಲಂ ಹಾಕುವುದೆಂದು ವಸಂತಾ ಬಹಳ ಹೊತ್ತು ಪುಸ್ತಕ ತಿರುವಿದಳು, ಸಿಗಲಿಲ್ಲ. ನಂತರ ಮೂರು ಫೋಟೋಗಳನ್ನೂ ತನಿಖೆಯ ವರದಿಯನ್ನೂ ಯೂನಿವರ್ಸಿಟಿಗೆ ಕಳಿಸಿ, ನಿಹಾರಿಕಾಗೆ ಫೋನ್ ಮಾಡಿದಳು.