ಪೈಪಿಗೆ ಕಟ್ಟಿದ ರೇಷ್ಮೆ ಎಳೆ

"ಇದಕ್ಕೆ ಯಾರು ಕೈ ಹಾಕಿದ್ದು?"

ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಿಂತ ವನಜಾಕ್ಷಿಯ ದನಿ ಎಷ್ಟು ಜೋರಾಗಿತ್ತೆಂದರೆ, ಪಕ್ಕದ ಜೆರಾಕ್ಸ್ ಅಂಗಡಿಯ ಓಬಳೇಶ್ ಒಮ್ಮೆ ಇಣುಕಿ ನೋಡಿ ಸುಮ್ಮನೆ ಒಳಗೆ ಹೋದ.

ಎದುರಿಗೆ ನಿಂತಿದ್ದ ಮಾರುತೇಶ ಬೆವರು ಒರೆಸಿಕೊಂಡ. ಮೊಳಕಾಲ್ಮೂರಿನಿಂದ ಚಳ್ಳಕೆರೆಯವರೆಗೂ ಆ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಪಾಪ.

"ಐದು ನಿಮಿಷ ಓಡಿ ಆಫ್ ಆಗ್ತೈತೆ ಮೇಡಂ. ಒಳಗೆ ಗುಳುಗುಳು ಅಂತೈತೆ... ಅಷ್ಟೇ."

"ನಾನು ಅದನ್ನ ಕೇಳ್ಲಿಲ್ಲ!"

ಅವಳು ಬೆರಳಿಟ್ಟು ತೋರಿಸಿದಳು. ಪ್ರೊಸೆಸರ್ ಮೇಲೊಂದು ಪುಟ್ಟ ಪಂಪು, ಅದರಿಂದ ಹೊರಟ ಎರಡು ಕಪ್ಪು ಪೈಪು, ಪೈಪಿನ ತುದಿಗೆ ಫ್ಯಾನ್ ಇರುವ ರೇಡಿಯೇಟರ್. ಪಂಪು ನೀರು ತಿರುಗಿಸುತ್ತಿದ್ದರೆ ಬಿಸಿ ಹೊರಗೆ ಹೋಗುತ್ತದೆ. ಇಲ್ಲವಾದರೆ ಯಂತ್ರ ಕಾದು ನಿಂತೇಬಿಡುತ್ತದೆ. ಆರು ತಿಂಗಳ ಹಿಂದೆ ಅವಳೇ ಕೂರಿಸಿಕೊಟ್ಟಿದ್ದು ಅದು. ಪೈಪುಗಳು ಫ್ಯಾನಿಗೆ ತಾಗದಂತೆ ಅವಳು ಪ್ಲಾಸ್ಟಿಕ್ ಟ್ಯಾಗ್ ಹಾಕಿ ಕಟ್ಟಿದ್ದಳು. ಈಗ ಅಲ್ಲಿ ಹಸಿರು ರೇಷ್ಮೆ ಎಳೆ ಇತ್ತು, ಸಾಸಿವೆಯಷ್ಟು ಸಣ್ಣ ಗಂಟು!

ಮಗ್ಗದಲ್ಲಿ ಎಳೆ ಕಡಿದಾಗ ಹಾಕುವ ಗಂಟು. ಅಕ್ಕನ ಮದುವೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದಾಗ ನೋಡಿದ್ದಳು. ಹೆಣ್ಣುಮಕ್ಕಳು ಸಾಲಾಗಿ ಕೂತು ಹಾಕುತ್ತಿದ್ದರು.

ಹೆಣ್ಣುಮಕ್ಕಳು...

'ಓಹೋ! ನಮ್ಮ ಕೈ ಸಾಕಾಯ್ತೇನೋ ಇವರಿಗೆ!'

ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದಳು.

ಮಾರುತೇಶ ಮದುವೆ ವಿಡಿಯೋ ಎಡಿಟ್ ಮಾಡುವವನು. ಮೊದಲ ದಿನ ಬಂದಾಗ "ರಿಪೇರಿ ಮಾಡೋರು ಇಲ್ವಾ?" ಎಂದು ಕೇಳಿದ್ದ. ಅವಳು ಸ್ಕ್ರೂಡ್ರೈವರ್ ಎತ್ತಿ ತೋರಿಸಿದಾಗ ಬೇರೆಯವರ ಹಾಗೆ ನಗಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಅವಳ ಕೈಯನ್ನೇ ನೋಡಿದ. ಆಮೇಲೆ ಮೌಸ್ ಕೆಟ್ಟಿತು, ಕೀಬೋರ್ಡ್ ಕೆಟ್ಟಿತು, ಏನೂ ಕೆಡದಿದ್ದಾಗ "ಹಿಂಗೇ ಬಂದೆ" ಅಂತಲೂ ಬಂದ. ಆದರೆ ಬಾಯಿ ಬಿಟ್ಟು ಒಂದು ಮಾತು? ಊಹೂಂ!

ಹೋದ ತಿಂಗಳಿಂದ ಆಸಾಮಿ ಪತ್ತೆಯೇ ಇರಲಿಲ್ಲ.

ಇವತ್ತು ಬಂದಿದ್ದಾನೆ. ಇವತ್ತೇ, ಸಂಜೆಯೊಳಗೆ, ಹಿರಿಯೂರಿನ ಗಂಡಿನ ಕಡೆಯವರಿಗೆ ಅವಳು ಉತ್ತರ ಕೊಡಬೇಕು. ಸೋದರತ್ತೆ ಹೊನ್ನಕ್ಕ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾಳೆ. 'ಹೂಂ' ಎಂದರೆ ಈ ಅಂಗಡಿಗೆ ಬೀಗ ಹಾಕಿ ಹೋಗಬೇಕು. ಇವನೊಂದು ಮಾತಾಡಿದ್ದರೆ 'ಊಹೂಂ' ಎಂದು ಯಾವಾಗಲೋ ಹೇಳಿಬಿಡುತ್ತಿದ್ದಳು.

"ಹೇಳ್ರಿ, ಯಾರು ಬಿಚ್ಚಿದ್ದು?"

"ಯಾರೋ... ನಮ್ಮೂರಾಗೇ..."

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. "ಹೇಳು ತೇಜೂ... ನಾಳೆ ನಿನ್ನ ಕೈಗೇ ಕೊಡ್ತೀನಿ, ಬೈಬ್ಯಾಡ ಮಾರಾಯ್ತಿ!"

ತೇಜೂ! ತೇಜಶ್ರೀಯೋ, ತೇಜಾವತಿಯೋ? ನನಗೆ ಮೇಡಂ, ಅವಳಿಗೆ ತೇಜೂ!

ವನಜಾಕ್ಷಿ ಹಲ್ಲು ಕಚ್ಚಿ ಯಂತ್ರ ಆನ್ ಮಾಡಿ ಪೈಪುಗಳನ್ನು ಮುಟ್ಟಿ ನೋಡಿದಳು. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು. ನೀರು ತಿರುಗುತ್ತಿಲ್ಲ. ಯಾಕೆ ಎನ್ನುವುದೂ ಕಣ್ಣಿಗೆ ಬಿತ್ತು. ಅವಳು ಮೇಲೆ ಕೂರಿಸಿದ್ದ ರೇಡಿಯೇಟರ್ ಈಗ ಕೆಳಗಿತ್ತು.

"ಇದನ್ನ ಕೆಳಗೆ ಹಾಕಿದ ಜಾಣೆ ಯಾರ್ರೀ? ನೀರಿನೊಳಗಿನ ಗಾಳಿ ಮೇಲಕ್ಕೇ ಬರೋದು. ಈಗ ಪಂಪೇ ಮೇಲೈತೆ, ಗಾಳಿ ಹೋಗಿ ಅದರಾಗೇ ಕೂತೈತೆ. ಅಷ್ಟೂ ಗೊತ್ತಿಲ್ವಾ ಅವಳಿಗೆ?"

"ಗೊತ್ತಿರ್ಲಿಲ್ಲ..." ಎಂದು ಅವನು ತಲೆ ತಗ್ಗಿಸಿದ.

ಅವಳ ಪರವಾಗಿ ಇವನು ತಲೆ ತಗ್ಗಿಸುವುದು ಬೇರೆ! ವನಜಾಕ್ಷಿ ಯಂತ್ರ ಆಫ್ ಮಾಡಿ ಕತ್ತರಿ ತೆಗೆದುಕೊಂಡು ಆ ಎಳೆಯನ್ನು ಕಚಕ್ಕನೆ ಕತ್ತರಿಸಿದಳು. ಸಮಾಧಾನವಾಯಿತೇ? ಇಲ್ಲ. ಕಣ್ಣು ಮಂಜಾಯಿತು, ಅಷ್ಟೇ.

ರೇಡಿಯೇಟರ್ ಬಿಚ್ಚಿ ಮೇಲೆ ಕೂರಿಸಿದಳು.

"ಪೈಪು ಫ್ಯಾನಿಗೆ ತಾಗ್ತೈತೆ. ಹಿಡ್ಕೊಂಡಿರ್ರಿ, ಟ್ಯಾಗ್ ತರ್ತೀನಿ."

ಡ್ರಾಯರ್ ಹುಡುಕಿ ತಿರುಗಿದವಳು ಹಾಗೇ ನಿಂತಳು. ಮಾರುತೇಶ ಬೀದಿಯ ಕಡೆ ನೋಡುತ್ತಿದ್ದ. ಅವನ ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು, ಕತ್ತರಿಸಿದ ಎಳೆಯ ಎರಡು ತುದಿ ಹಿಡಿದು, ಹೊಸೆದು, ಗಂಟು ಹಾಕಿ ಮುಗಿಸಿದ್ದವು. ಸಾಸಿವೆಯಷ್ಟು ಸಣ್ಣ ಗಂಟು!

"ನೀವೇನಾ?"

ಕಳ್ಳ ಸಿಕ್ಕಿಬಿದ್ದ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. "ಅವ್ವ ಮಗ್ಗದಾಗೆ ಕೂಲಿ ಮಾಡ್ತಿದ್ಲು. ಚಿಕ್ಕಂದಿನಿಂದ ಅವಳ ಜೊತೆ ಎಳೆ ಸೇರಿಸಿ ಸೇರಿಸಿ... ಕೈಗೆ ರೂಢಿ."

"ಮತ್ತೆ ತೇಜೂ?"

"ಪಕ್ಕದ ಮನೆ ಹುಡುಗಿ. ಮದುವೆ ಆಗಿ ತಿಂಗಳಾತು, ಇನ್ನೂ ವಿಡಿಯೋ ಕೊಟ್ಟಿಲ್ಲ ಅಂತ ಗಂಡ ಹೆಂಡ್ತಿ ಇಬ್ರೂ ಸೇರಿ ಬೈತಾರೆ."

ನಗು ಬಂತು. ಆದರೆ ಅಷ್ಟು ಬೇಗ ಬಿಟ್ಟುಕೊಡುವವಳೇ ನಮ್ಮ ವನಜಾಕ್ಷಿ?

"ನಾನಿಲ್ಲಿ ಇರೋವಾಗ ನೀವ್ಯಾಕೆ ಬಿಚ್ಚಿದ್ರಿ?"

ಅವನು ಗಂಟಿನ ಮೇಲೆ ಬೆರಳಾಡಿಸಿದ.

"ನಿಮಗೆ ಹಿರಿಯೂರಿನ ಗಂಡು ಗೊತ್ತು ಮಾಡವ್ರೆ ಅಂತ ಓಬಳೇಶ್ ಹೇಳ್ದ. ಇನ್ನು ಬರಬಾರ್ದು ಅನ್ಕಂಡೆ. ಧೂಳು ತುಂಬಿತ್ತು, ನಾನೇ ಬಿಚ್ಚಿ ಒರೆಸಿ ಕೂರಿಸ್ದೆ. ಗುಳುಗುಳು ಶುರುವಾತು. ಎರಡು ದಿನ ತಡ್ಕಂಡೆ..." ತಲೆ ಎತ್ತಿ ಕೇಳಿದ, "ಹೆಂಗವ್ನೆ ಅವ್ನು?"

"ಚೆನ್ನಾಗವ್ನೆ. ಎತ್ತರ. ಸ್ವಂತ ಕಾರೈತೆ."

ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಯ್ಯೋ, ಅದನ್ನು ನೋಡಿ ಅವಳಿಗಾದ ಖುಷಿಯೇ! ಇಷ್ಟು ಹೊತ್ತೂ ತಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದಳು.

ಅಷ್ಟರಲ್ಲಿ ಅವಳ ಫೋನ್. ಹೊನ್ನಕ್ಕ!

"ಉತ್ತರ ಕೇಳೋಕೆ ಮಾಡ್ತಿದಾಳೆ," ವನಜಾಕ್ಷಿ ಅವನನ್ನೇ ನೋಡಿದಳು. "ಏನು ಹೇಳ್ಲಿ?"

ಒಂದು ರಿಂಗ್... ಎರಡು... ಮೂರು...

"ಹೂಂ ಅನ್ಬ್ಯಾಡ್ರಿ!" ಅಂದುಬಿಟ್ಟ. "ನಿಮ್ಮನ್ನ ಬಿಟ್ಟಿರೋಕೆ ಆಗಲ್ಲ. ಒಂದು ತಿಂಗಳು ಇದ್ದು ನೋಡ್ದೆ. ಆಗಲ್ಲ ವನಜಾ..."

ಅವಳು ಫೋನ್ ಎತ್ತಿದಳು.

"ಅತ್ತೆ, ಆ ಗಂಡು ಬ್ಯಾಡ... ಇಲ್ಲ, ಹುಡುಗನ್ದು ಏನೂ ತಪ್ಪಿಲ್ಲ. ನನಗೆ ಬೇರೆಯವ್ರು ಇಷ್ಟ... ಹೂಂ, ಇಲ್ಲೇ ಎದುರಿಗೇ ನಿಂತವ್ರೆ... ಅಪ್ಪಂಗೆ ನಾನೇ ಹೇಳ್ತೀನಿ."

ಫೋನ್ ಇಟ್ಟಳು. ಅವನ ಕಡೆ ನೋಡದೆ ಯಂತ್ರ ಆನ್ ಮಾಡಿದಳು. ಇನ್ನೂ ಗುಳುಗುಳು. "ಆ ಕಡೆ ಹಿಡ್ಕೊಳ್ರಿ, ಗಾಳಿ ಮೇಲಕ್ಕೆ ಹೋಗ್ಬೇಕು." ಇಬ್ಬರೂ ಸೇರಿ ಕ್ಯಾಬಿನೆಟ್ಟನ್ನು ಮೆಲ್ಲಗೆ ಅತ್ತ ಬಾಗಿಸಿದರು, ಇತ್ತ ಬಾಗಿಸಿದರು. ಕೆಳಗೆ ಬೆರಳಿಗೆ ಬೆರಳು ತಾಗಿತು. ಯಾರೂ ತೆಗೆಯಲಿಲ್ಲ. ಪರದೆಯ ಮೇಲೆ ತೊಂಬತ್ತೆರಡು ಡಿಗ್ರಿ ಇದ್ದ ಬಿಸಿ ಎಪ್ಪತ್ತಾಯಿತು, ಐವತ್ತಾಯಿತು. ಸದ್ದು ನಿಂತಿತು.

"ನನ್ನ ಅಂಗಡಿ?" ಎಂದಳು ಮೆಲ್ಲಗೆ.

"ಮುಚ್ಚೋದು ಯಾಕೆ? ನಾನೇ ಇಲ್ಲಿಗೆ ಬರ್ತೀನಿ. ವಿಡಿಯೋ ಎಲ್ಲಿ ಕೂತು ಮಾಡಿದ್ರೂ ಒಂದೇ."

"ಅಪ್ಪ ಸಂಜೆ ಎಣ್ಣೆ ಮಿಲ್ಲಿಂದ ಬರ್ತಾರೆ. ಅವರ ಮುಂದೆ ಬಾಯಿ ಬಿಡ್ತೀಯಾ?"

"ಬಿಡ್ತೀನಿ."

"ಏನಂತ? ಹೇಳು ನೋಡಾನ."

"ನಿಮ್ಮ ಮಗಳನ್ನ ನನಗೆ ಕೊಡ್ರಿ ಅಂತ."

ವನಜಾಕ್ಷಿ ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಹೇಳು. ಆರು ತಿಂಗಳಿಂದ ಕಾಯ್ತಿದೀನಿ."