ನೀಲಿ ಗುರಾಣಿಯ ನೀರುನಾಯಿ

"ಗುರಾಣಿ ಎಲ್ಲಿ?"

ರೈಫಲ್ ತುದಿ ನನ್ನ ಎದೆಗೆ ಒತ್ತಿತ್ತು. ಕುದುರೆಯಷ್ಟು ದೊಡ್ಡ ಕಾಡುಪ್ರಾಣಿಯನ್ನ ಒಂದೇ ಗುಂಡಿಗೆ ಕೆಡವೋ ರೈಫಲ್. ನನ್ನ ತೂಕ ಎಪ್ಪತ್ತೆರಡು ಕೆ.ಜಿ.

"ಯಾವ ಗುರಾಣಿ?"

"ನಾಟಕ ಆಡಬೇಡ ಯಾಲ್ಮರಿ! ವಂಶದ ಲಾಂಛನದ ಗುರಾಣಿ! ನಿನ್ನೆ ಸಂಜೆ ಸಭಾಭವನದಲ್ಲಿ ನಾನೇ ತೂಗುಹಾಕಿ ಬಂದಿದ್ದೆ. ಈಗ ಗೋಡೆ ಖಾಲಿ!"

ರೈಫಲ್ ಹಿಡಿದವನು ಓಸ್ಮೊ ಸೌಕ್ಕೊಲಾ. ನನ್ನ ದೊಡ್ಡಪ್ಪನ ಮಗ. ಸೌಕ್ಕೊಲಾ ವಂಶದ ಸಂಘಕ್ಕೆ ಅಧ್ಯಕ್ಷ. ನನ್ನ ಹೆಂಡತಿಗೆ ಗಂಡ.

ಹ್ಞೂಂ... ಸರಿಯಾಗೇ ಕೇಳಿಸಿಕೊಂಡ್ರಿ.

ಆರು ವರ್ಷದ ಹಿಂದೆ ಸಿರ್ಕ್ಕಾ ನನ್ನ ಬಿಟ್ಟು ಅವನ ಮನೆ ಸೇರಿದಳು. ನಾನೂ ಸೌಕ್ಕೊಲಾ, ಅವನೂ ಸೌಕ್ಕೊಲಾ. ಹೆಸರು ಬದಲಿಸೋ ಕಷ್ಟ ಕೂಡ ಇರಲಿಲ್ಲ ಅವಳಿಗೆ! ನಮ್ಮ ಟಪಾಲು ಪೆಟ್ಟಿಗೆ ಮೇಲಿದ್ದ ಹೆಸರಿನ ಫಲಕವನ್ನೇ ಕಿತ್ತುಕೊಂಡು ಹೋಗಿ ಅಲ್ಲಿ ಬಡಿದಳು. ಹೊಟ್ಟೆ ಉರಿಯುತ್ತೋ ಇಲ್ವೋ, ನೀವೇ ಹೇಳಿ.

"ನೀನೇ ಕದ್ದಿದ್ದು. ನಿನ್ನ ಹೊಟ್ಟೆಕಿಚ್ಚು ಊರಿಗೆಲ್ಲಾ ಗೊತ್ತು!"

"ಹೊಟ್ಟೆಕಿಚ್ಚು ಹೌದು. ಕದ್ದಿದ್ದು ನಾನಲ್ಲ."

"ಎರಡು ಗಂಟೆಗೆ ಮೀಟಿಂಗ್. ನೂರಿಪ್ಪತ್ತು ಜನ ಸೌಕ್ಕೊಲಾಗಳು ಬರ್ತಿದ್ದಾರೆ. ಹೆಲ್ಸಿಂಕಿಯಿಂದ ಲಾಂಛನ ಪಂಡಿತರು ಗ್ರಾನ್‌ಲುಂಡ್ ಬಂದು ಕೂತಿದ್ದಾರೆ. ಅವರು ಒಪ್ಪಿದ್ರೆ ನಮ್ಮ ಲಾಂಛನ ದಾಖಲೆ ಪುಸ್ತಕ ಸೇರುತ್ತೆ. ಅಷ್ಟರೊಳಗೆ ಗುರಾಣಿ ಬರದಿದ್ರೆ ಸಂಘದಿಂದ ನೀನು ಔಟ್! ಲಾಂಛನದ ಹಕ್ಕೂ ಇಲ್ಲ! ಸತ್ತರೆ ನಿನ್ನ ಸಮಾಧಿ ಕಲ್ಲಿನ ಮೇಲೂ ಬರಲ್ಲ!"

ಹೆಂಡತಿ ಹೋದಳು. ಈಗ ಹೆಸರೂ ಹೋಗಬೇಕಂತೆ!

ನನ್ನ ಬೋಟ್ ಮನೆಯ ಗೋಡೆಗೆ ಒರಗಿಸಿದ್ದ ಹುಟ್ಟು ಕೈಗೆ ಸಿಕ್ಕಿತು. ಬೀಸಿದೆ.

ಢಂ!

ಗುಂಡು ಚಾವಣಿಗೆ ಹೋಯಿತು. ನಾನು ಬಾಗಿಲಿಗೆ ಹೋದೆ.

ಇಪ್ಪತ್ತೊಂದು ವರ್ಷ ಕುವೊಪಿಯೊ ನಗರದ ಪೊಲೀಸ್‌ನಲ್ಲಿ ಇದ್ದವನು ಸ್ವಾಮಿ ನಾನು. ಈಗ ಜನ ಕಳಕೊಂಡಿದ್ದನ್ನ ಹುಡುಕಿಕೊಡೋದೇ ಕಸುಬು. ನೇರ ಸಭಾಭವನಕ್ಕೆ ಓಡಿದೆ. ಬೀಗ ಒಡೆದಿರಲಿಲ್ಲ. ಕಿಟಕಿ ಭದ್ರ. ಬಾಗಿಲಿಗೆ ಇರೋದು ಎರಡೇ ಕೀಲಿ. ಒಂದು ಓಸ್ಮೊನ ಜೇಬಲ್ಲಿ.

ಇನ್ನೊಂದು ಸಿರ್ಕ್ಕಾ ಹತ್ತಿರ!

ದಡದಲ್ಲಿ ಅವಳ ದೋಣಿ ಇರಲಿಲ್ಲ. ಸರೋವರದ ನಡುವೆ ದ್ವೀಪ. ಅಲ್ಲಿ ನನ್ನ ಹಳೇ ಸೌನಾ, ಬಿಸಿಹಬೆ ಸ್ನಾನದ ಮನೆ. ಅದರ ಚಿಮಣಿಯಿಂದ ಹೊಗೆ...

ಮದುವೆಯಾದ ಹೊಸತರಲ್ಲಿ ಪ್ರತಿ ಶನಿವಾರ ಅಲ್ಲೇ ಇರ್ತಿದ್ವಿ. ಗಂಡನ ಗುರಾಣಿ ಕದ್ದು ಅಲ್ಲಿಗೇ ಯಾಕೆ ಹೋದಳು? ಅವನ ಮರ್ಯಾದೆ ಕಳೆಯೋಕಾ? ನಾನು ಬರಲಿ ಅಂತಾನಾ?

ಐವತ್ತೆಂಟು ವಯಸ್ಸಿನ ಮುಠ್ಠಾಳ ನಾನು! ನನ್ನ ದೋಣಿಗೆ ಹಾರಿ ಹುಟ್ಟು ಹಾಕಿದೆ.

ಹಿಂದೆ ಮೋಟಾರ್ ಸದ್ದು. ಓಸ್ಮೊ! ಬರ್ರ್... ಅಂತ ನುಗ್ಗಿ ಬಂದ. ಗುದ್ದಿದ್ರೆ ನನ್ನ ದೋಣಿ ಎರಡು ತುಂಡು!

ಜೊಂಡಿನೊಳಗೆ ತಿರುಗಿಸಿದೆ. ಅವನೂ ತಿರುಗಿಸಿದ. ಹುಟ್ಟಿನ ದೋಣಿಗೆ ಜೊಂಡು ದಾರಿ ಕೊಡುತ್ತೆ, ಮೋಟಾರಿಗೆ ಕೊಡಲ್ಲ. ಸುತ್ತಿಕೊಂಡು ಕೆಟ್ಟು ನಿಂತಿತು.

"ಯಾಲ್ಮರೀ! ನಿನ್ನ ಬಿಡಲ್ಲ ಕಣೋ!"

"ಕೆಸರು ಆಳ ಇದೆ, ಮೆಲ್ಲಗೆ ಇಳಿ!" ಅಂದೆ.

ಸೌನಾ ಬಾಗಿಲು ನೂಕಿದೆ. ಬಿಸಿ ಗಾಳಿ ಮುಖಕ್ಕೆ ರಾಚಿತು. ಮೇಲಿನ ಹಲಗೆ ಮೇಲೆ ಗುರಾಣಿ. ಮುಂದೆ ಸಿರ್ಕ್ಕಾ. ಕೈಯಲ್ಲಿ ಬ್ರಷ್.

"ಬಾಗಿಲು ಹಾಕು! ಪೇಂಟ್ ಬೇಗ ಒಣಗಲಿ ಅಂತ ಒಲೆ ಹಾಕಿದ್ದೀನಿ."

"ಏನು ಮಾಡ್ತಿದ್ದೀಯ?"

"ನೋಡಿದ್ರೆ ಗೊತ್ತಾಗಲ್ವಾ? ಸಂಘ ಒಪ್ಪಿದ ಚಿತ್ರದಲ್ಲಿ ನೀಲಿ ಮೇಲೆ ಬೆಳ್ಳಿ ನೀರುನಾಯಿ. ಓಸ್ಮೊಗೆ ಅದು ಬೇಯಿಸಿದ ಮೀನಿನ ಥರ ಕಾಣಿಸಿತಂತೆ. ಯಾರಿಗೂ ಹೇಳದೆ ಕಪ್ಪು ಬಳಿಸಿಬಿಟ್ಟ."

"ಕಪ್ಪು ಆದ್ರೆ ಏನೀಗ?"

"ಬಣ್ಣದ ಮೇಲೆ ಬಣ್ಣ ಕೂರಿಸಬಾರದು ಕಣೋ! ಬಣ್ಣದ ಮೇಲೆ ಬೆಳ್ಳಿ ಬರಬೇಕು, ಇಲ್ಲ ಚಿನ್ನ ಬರಬೇಕು. ಲಾಂಛನದ ಮೊದಲನೇ ಪಾಠ ಅದು. ಗ್ರಾನ್‌ಲುಂಡ್ ನೂರಿಪ್ಪತ್ತು ಜನರ ಎದುರು ನಕ್ಕುಬಿಡ್ತಾರೆ. ಹೇಳಿ ಹೇಳಿ ಸಾಕಾಯ್ತು, ಅವನು ಕೇಳಲಿಲ್ಲ."

"ನಗಲಿ ಬಿಡು."

ಅವಳು ತಿರುಗಿ ನೋಡಿದಳು.

"ಅವನಿಗೆ ಅವಮಾನ ಆದ್ರೆ ನನ್ನ ಕೈಲಿ ನೋಡೋಕಾಗಲ್ಲ ಯಾಲ್ಮರಿ."



ನನ್ನ ಜೊತೆ ಹದಿನಾಲ್ಕು ವರ್ಷ ಇದ್ದಳು ಈಕೆ. ಬಡ್ತಿ ತಪ್ಪಿ ಬಂದ ದಿನ ನಾನು ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ. ಕಾಫಿ ಬೇಕಾ ಅಂತ ಕೂಡ ಕೇಳಲಿಲ್ಲ ಇವಳು. ಆ ಮೊಂಡನಿಗಾಗಿ ಈಗ ಬೆವರು ಸುರಿಸ್ಕೊಂಡು ನೀರುನಾಯಿಯ ಒಂದೊಂದು ಕೂದಲಿಗೂ ಬೆಳ್ಳಿ ಬಳಿತಿದ್ದಾಳೆ!

"ನೀನೇ ತಗೊಂಡು ಹೋಗಿ ತೂಗುಹಾಕು. ಅವನು ನಿನ್ನ ಮೇಲೇ ಅನುಮಾನ ಪಟ್ಟಿರ್ತಾನೆ, ನಿನ್ನ ಹೆಸರೂ ಉಳಿಯುತ್ತೆ," ಅಂದಳು. "ನಾನು ತಿದ್ದಿದ್ದು ಅಂತ ಮಾತ್ರ ಯಾರಿಗೂ ಹೇಳಬೇಡ. ಅವನ ಮುಖ ಸಣ್ಣಗಾಗುತ್ತೆ. ಮಾತು ಕೊಡು."

ಕೊಟ್ಟೆ.

ಎರಡಕ್ಕೆ ಐದು ನಿಮಿಷ ಇತ್ತು, ಗುರಾಣಿ ಗೋಡೆ ಮೇಲಿತ್ತು, ಅದರ ಮೇಲೊಂದು ಪರದೆ. ಮಂಡಿವರೆಗೆ ಕೆಸರು ಮೆತ್ತಿಕೊಂಡ ಓಸ್ಮೊ ನನ್ನ ನೋಡಿ ಹಲ್ಲು ಕಡಿದ. ಜನರ ಎದುರು ಏನು ಮಾಡ್ತಾನೆ? ಪರದೆ ಎಳೆದ.

ಬಾಯಿ ತೆರೆದವನು ತೆರೆದ ಹಾಗೇ ನಿಂತ. ಕಪ್ಪು ಹೋಗಿ ಬೆಳ್ಳಿ!

ಗ್ರಾನ್‌ಲುಂಡ್ ಕನ್ನಡಕ ಏರಿಸಿಕೊಂಡರು. ಹತ್ತಿರ ಹೋದರು.

"ಭೇಷ್! ಒಂದು ಕುಂದಿಲ್ಲ. ದಾಖಲೆಗೆ ಸೇರಿಸೋಣ."

ಭವನ ತುಂಬ ಚಪ್ಪಾಳೆ! ಓಸ್ಮೊ ಮಾತ್ರ ತಟ್ಟಲಿಲ್ಲ. ಅವನು ನನ್ನ ಅಂಗೈ ನೋಡ್ತಿದ್ದ. ಹಸಿ ಗುರಾಣಿ ಎತ್ತಿದಾಗ ಮೆತ್ತಿದ್ದ ಬೆಳ್ಳಿ ಪೇಂಟ್. ಆಮೇಲೆ ಸಿರ್ಕ್ಕಾಳ ತೋಳು ನೋಡಿದ. ನೀಲಿ ಅಂಗಿಯ ತೋಳಿನ ಮೇಲೆ ಬೆಳ್ಳಿಯ ಐದು ಬೆರಳ ಗುರುತು. ಸೌನಾ ಮೆಟ್ಟಿಲಲ್ಲಿ ಅವಳು ಜಾರಿದಾಗ ಹಿಡಿದಿದ್ದೆ, ಅಷ್ಟೇ. ಆಣೆಗೂ ಅಷ್ಟೇ!

ಇಬ್ಬರನ್ನೂ ಮೂಲೆಗೆ ಎಳೆದುಕೊಂಡು ಹೋದ.

"ದ್ವೀಪದಲ್ಲಿ ಹೊಗೆ ನೋಡಿದೆ ನಾನು. ಸೌನಾದಲ್ಲಿ ಏನು ನಡೀತಿತ್ತು?"

"ಓಸ್ಮೊ, ಪೇಂಟ್ ತಿದ್ದಿದ್ದು ನಾನು ಕಣೋ. ನಿನಗೋಸ್ಕರ!"

"ನನಗೋಸ್ಕರ? ಅವನ ಸೌನಾದಲ್ಲಿ?" ಅವಳ ತೋಳಿನ ಗುರುತಿಗೆ ಬೆರಳಿಟ್ಟ. "ಎಷ್ಟು ದಿನದಿಂದ ಸಿರ್ಕ್ಕಾ?"

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು.

"ಹೇಳೋ ಯಾಲ್ಮರಿ... ನಿಜ ಏನಂತ ಹೇಳು!"

ಒಂದೇ ಮಾತು. ನಾನು ಹೇಳಿದ್ರೆ ನಂಬ್ತಿದ್ದ. ನನಗಿಂತ ದೊಡ್ಡ ವೈರಿ ಅವನಿಗಿಲ್ಲ, ಅವನ ನೆಮ್ಮದಿಗೋಸ್ಕರ ನಾನು ಸುಳ್ಳು ಹೇಳ್ತೀನಾ?

ಹೋಗಿ ಊಟದ ಸಾಲಲ್ಲಿ ನಿಂತೆ. ಸಾಲ್ಮನ್ ಸಾರು ಬಿಸಿಬಿಸಿ ಇತ್ತು. ಎರಡು ಸಲ ಹಾಕಿಸಿಕೊಂಡೆ.

ಯಾರಿಗೂ ಹೇಳಬೇಡ ಅಂತ ಅವಳೇ ಮಾತು ತಗೊಂಡಿದ್ದಳಲ್ಲ... ನಾನು ಕೊಟ್ಟ ಮಾತಿಗೆ ತಪ್ಪೋ ಮನುಷ್ಯ ಅಲ್ಲ ಸ್ವಾಮಿ!