ಹಿಂದಕ್ಕೆಳೆದ ಕಾಲು

ಅವನ ಕೈ ಅವಳನ್ನು ಮೊದಲ ಸಲ ಮುಟ್ಟಿದ್ದು ಕಾಲಿನ ಹೆಬ್ಬೆರಳಲ್ಲಿ.

ತಾರಮಂಗಲದ ಕಲ್ಯಾಣ ಮಂಟಪ. ಎದುರಿಗೆ ಎರಡೂ ಕಡೆಯ ನೆಂಟರು. ವರ ವಧುವಿನ ಬಲಗಾಲಿನ ಹೆಬ್ಬೆರಳು ಹಿಡಿದು, ಪಾದವನ್ನೆತ್ತಿ ಅಮ್ಮಿಕಲ್ಲಿನ, ಅಂದರೆ ಮಸಾಲೆ ಅರೆಯುವ ಕಲ್ಲಿನ, ಮೇಲಿಟ್ಟು, ಕಾಲುಂಗುರ ತೊಡಿಸಬೇಕು. ಇಳಂಗೋ ಬಾಗಿದ. ಮಗ್ಗದಲ್ಲಿ ಪಳಗಿದ ಅವನ ಬೆರಳುಗಳು ಇಂದುಜಾಳ ಹೆಬ್ಬೆರಳನ್ನು ಹಿಡಿದವು.

ಇಂದುಜಾ ಕಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

"ಬೇಡ..." ಎಂದಳು.

ಮೆಲ್ಲಗೇ ಅಂದಳು. ಆದರೆ ನಾದಸ್ವರದವನು ಅದೇ ಹೊತ್ತಿಗೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದ. ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು.

"ಉಡುಗಿಗೆ ನಾಚ್ಕೆ," ಎಂದು ಯಾರೋ ನಕ್ಕರು.

ಇಳಂಗೋ ನಗಲಿಲ್ಲ. ಮತ್ತೆ ಬೆರಳು ಹಿಡಿದ. ಕಾಲುಂಗುರ ತೊಡಿಸುವಾಗ ಅವನ ಮಣಿಕಟ್ಟಿನ ಮೇಲೆ ಕಣ್ಣೀರ ಹನಿಯೊಂದು ಬಿತ್ತು. ಅವನು ತಲೆಯೆತ್ತಿ ನೋಡಲಿಲ್ಲ. ಅಲ್ಲೇ ಕೆಟ್ಟಿತು ನೋಡಿ.

ನಿಜ ಏನೆಂದರೆ, ಆ ಹೆಬ್ಬೆರಳು ಕೀವು ತುಂಬಿ ಬಾತುಕೊಂಡಿತ್ತು. ಮದುವೆಗೆ ಮುಂಚೆ, ಕಾಲು ಚೆಂದ ಕಾಣಲಿ ಎಂದು ಚಿಕ್ಕಮ್ಮ ಇಂದುಜಾಳ ಉಗುರನ್ನು ಮೂಲೆಯಲ್ಲಿ ಕೊರೆದು ಗುಂಡಗೆ ಕತ್ತರಿಸಿದ್ದಳು. ಬೆಳೆಯುವಾಗ ಉಗುರಿನ ಅಂಚು ಮಾಂಸದೊಳಕ್ಕೇ ಇಳಿಯಿತು. ಮದುವೆಯ ಹಿಂದಿನ ದಿನ ನಲಂಗು ಶಾಸ್ತ್ರದಲ್ಲಿ ಮುತ್ತೈದೆಯರು ಪಾದಕ್ಕೆ ಅರಿಶಿನ ಬಳಿದು, ಮೇಲೆ ಕೆಂಪು ಅಂಚು ಬರೆದರು. ಆ ಬಣ್ಣದಲ್ಲಿ ಬಾವು ಯಾರ ಕಣ್ಣಿಗೂ ಬೀಳಲಿಲ್ಲ.

ಅವಳ ಅಮ್ಮನಿಗೆ ಮಾತ್ರ ಗೊತ್ತಿತ್ತು.

"ಮಗ್ಗದ ಮನೆಗೆ ಓಗ್ತಾ ಇದೀಯ," ಎಂದಿದ್ದಳು ಅಮ್ಮ. "ಕಾಲೇ ಸರಿ ಇಲ್ಲ ಅಂತ ಗೊತ್ತಾದ್ರೆ ಸಂಬಂಧ ನಿಂತೋಯ್ತದೆ. ಬಾಯಿ ಬಿಡ್ಬೇಡ. ತಾನೇ ವಾಸಿ ಆಗ್ತದೆ."

ವಾಸಿಯಾಗಲಿಲ್ಲ.

ಸೇಲಂನ ಗಂಡನ ಮನೆಯಲ್ಲಿ ರೇಷ್ಮೆ ಪಂಚೆ ನೇಯುವ ಗುಂಡಿಮಗ್ಗಗಳು. ನೆಲದ ಗುಂಡಿಯೊಳಗೆ ಕಾಲಿಳಿಸಿ, ಬರಿಗಾಲಲ್ಲಿ ಹಲಗೆ ತುಳಿಯುತ್ತ ಕೂರಬೇಕು. ಒಂದೊಂದು ಸಲ ತುಳಿದಾಗಲೂ ಇಂದುಜಾಳಿಗೆ ನೆತ್ತಿಯವರೆಗೆ ನೋವು ಏರುತ್ತಿತ್ತು. ನೋವು ತಡೆಯಲಾಗದಾಗ ಬಾಗಿಲು ಹಾಕಿಕೊಂಡು ಬ್ಲೇಡಿನಿಂದ ಮೂಲೆಯನ್ನು ಇನ್ನಷ್ಟು ಕೊರೆಯುತ್ತಿದ್ದಳು. ಸ್ವಲ್ಪ ದಿನ ಹಗುರ. ಆಮೇಲೆ ಮೊದಲಿಗಿಂತ ಕೆಟ್ಟದಾಗಿ ಉಗುರು ಒಳಕ್ಕೆ ಇಳಿಯುತ್ತಿತ್ತು.

"ಯಾಕಮ್ಮ ಕುಂಟ್ತೀಯ?" ಎಂದು ಅತ್ತೆ ರಾಜಾತಿ ಕೇಳಿದರೆ, "ಎಡವಿದೆ ಅತ್ತೆ" ಎಂದುಬಿಡುತ್ತಿದ್ದಳು.

ಗಂಡ? ಅವನು ಏನೂ ಕೇಳಲಿಲ್ಲ. ಮದುವೆಯಾದಾಗಿನಿಂದ ಚಾಪೆ ಎತ್ತಿಕೊಂಡು ಹೋಗಿ ಮಗ್ಗದ ಕೋಣೆಯಲ್ಲಿ ಮಲಗುತ್ತಿದ್ದ.

'ಬೆರಳು ಹಿಡ್ಕೊಂಡಾಗ ಕೀವು ಕೈಗೆ ಅಂಟಿರಬೇಕು... ಅಸಹ್ಯ ಆಗಿರಬೇಕು. ಇಂಥಾ ಕಾಲಿನೋಳು ಯಾರಿಗೆ ಬೇಕು?' ಎಂದುಕೊಂಡಳು ಇಂದುಜಾ. ಅದಕ್ಕೇ ಅವನ ಎದುರು ಬಂದಾಗಲೆಲ್ಲ ಸೀರೆಯ ಅಂಚು ಇಳಿಸಿ ಪಾದ ಮುಚ್ಚಿಕೊಂಡು ದೂರ ಸರಿಯುತ್ತಿದ್ದಳು.

ಅವನು ಅದನ್ನೂ ಬೇರೆಯಾಗಿಯೇ ಓದಿಕೊಂಡ. ಅವಳ ಸೋದರಮಾವನ ಮಗ ಸೆಂದಿಲ್‌ಕುಮಾರನಿಗೆ ಅವಳನ್ನು ಕೊಡುವ ಮಾತು ಮುಂಚೆ ನಡೆದಿತ್ತೆಂದು ಯಾರೋ ಅವನ ಕಿವಿಗೆ ಹಾಕಿದ್ದರು. 'ನನ್ನ ಕೈ ತಗುಲಿದ್ದಕ್ಕೇ ಬೇಡ ಅಂದ್ಲು. ಮನಸ್ಸೆಲ್ಲ ಅಲ್ಲೇ ಐತೆ' ಎಂದು ತೀರ್ಮಾನಿಸಿಬಿಟ್ಟ. ಪಕ್ಕಪಕ್ಕದ ಮಗ್ಗಗಳಲ್ಲಿ ಕೂತು ಇಬ್ಬರೂ ನೇಯುತ್ತಿದ್ದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಂದು ಪ್ರಶ್ನೆ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಇಂಥವರನ್ನು ಕಂಡರೆ ನನಗೆ ಮರುಕಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಒಂದು ಬೆಳಗ್ಗೆ ಅವನು ತಾಯಿಗೆ ಹೇಳುವುದು ಅಡುಗೆಮನೆಯಲ್ಲಿದ್ದ ಅವಳಿಗೆ ಕೇಳಿಸಿತು.

"ಇಷ್ಟ ಇಲ್ದೋಳ್ನ ಇಟ್ಕೊಂಡು ಏನ್ ಮಾಡೋದಮ್ಮ? ಇವತ್ತು ಅವ್ರ ಮನೆಗೆ ಬಿಟ್ಬಿಟ್ಟು ಬರ್ತೀನಿ. ದೊಡ್ಡೋರ ಅತ್ರ ಮಾತಾಡಿ ಮುಗಿಸ್ಬಿಡೋಣ."

'ಇಷ್ಟ ಇಲ್ಲದ್ದು ನನಗೆ ಅಂತ ಹೇಳೋಕೂ ಇವನಿಗೆ ಧೈರ್ಯ ಇಲ್ಲ. ತಪ್ಪು ನನ್ನ ಮೇಲೇ ಹೊರಿಸ್ತಾನೆ' ಎಂದುಕೊಂಡಳು ಇಂದುಜಾ. ಬಟ್ಟೆ ಬ್ಯಾಗಿಗೆ ತುಂಬಿದಳು.

ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಭಾರದ ಟ್ರಂಕು ಅವಳ ಕಾಲ ಮೇಲೆ ಬಿತ್ತು. ಅವಳು ಕೂಗಲಿಲ್ಲ. ಕಣ್ಣು ಮೇಲೆ ಮಾಡಿ ಕುಸಿದಳು. ಇಳಂಗೋ ಬಾಗಿ ಚಪ್ಪಲಿ ಬಿಡಿಸಿದ. ಬೆರಳಿಗೆ ಸುತ್ತಿದ್ದ ಬಟ್ಟೆ ಜಾರಿತು. ರಕ್ತ, ಕೀವು, ಉಗುರಿನ ಪಕ್ಕದಲ್ಲಿ ಉಬ್ಬಿ ನಿಂತ ಕೆಂಪು ಮಾಂಸ...

"ಇದೇನಿದು..." ಎಂದಷ್ಟೇ ಅವನಿಂದ ಹೊರಟಿತು.

ಅವಳನ್ನು ಎತ್ತಿಕೊಂಡೇ ಎದುರು ರಸ್ತೆಯ ಕ್ಲಿನಿಕ್‌ಗೆ ಓಡಿದ.

ಡಾಕ್ಟರಮ್ಮ ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಾಂಸದೊಳಗೆ ಹೂತಿದ್ದ ಉಗುರಿನ ಪಕ್ಕವನ್ನು ಸೀಳಿ ತೆಗೆದರು. ಇಳಂಗೋ ಅವಳ ತಲೆಯ ಹತ್ತಿರ ನಿಂತಿದ್ದ.

"ಎನ್ನಮ್ಮಾ ಇದು, ಎಷ್ಟು ದಿನದಿಂದ ಹೀಗಿದೆ?" ಎಂದು ತಮಿಳಿನಲ್ಲಿ ಕೇಳಿದರು ಡಾಕ್ಟರಮ್ಮ.

ಇನ್ನು ಮುಚ್ಚಿಟ್ಟು ಆಗಬೇಕಾದ್ದೇನು?

"ಮದುವೆಗೆ ಮುಂಚೆಯಿಂದ ಐತೆ ಮೇಡಂ," ಎಂದಳು ಇಂದುಜಾ. "ಮದುವೆ ದಿನ ಅಮ್ಮಿ ತುಳಿಸೋವಾಗ ಇವ್ರು ಬೆರಳು ಇಡ್ಕೊಂಡ್ರು. ಪ್ರಾಣನೇ ಓದಂಗಾಯ್ತು."

ಇಳಂಗೋನ ಮುಖ ಬಿಳಿಚಿಕೊಂಡಿತು.

ಡಾಕ್ಟರಮ್ಮ ಬ್ಯಾಂಡೇಜ್ ಸುತ್ತುತ್ತ ಬೈದರು. "ಬ್ಲೇಡ್ ಕೈಗೆ ತಗೋಬೇಡ. ಉಗುರನ್ನು ನೇರವಾಗಿ ಕತ್ತರಿಸು, ಮೂಲೆ ಕೊರೆದು ಗುಂಡಗೆ ಮಾಡಬೇಡ, ತೀರ ಗಿಡ್ಡ ಮಾಡಬೇಡ. ಬೆರಳು ಒತ್ತುವ ಚಪ್ಪಲಿ ಬಿಡು. ಕಾಲು ಒಣಗಿರಲಿ. ವಾಸಿಯಾಗುವ ತನಕ ಮಗ್ಗ ಬೇಡ. ಮೊದಲೇ ಬಂದಿದ್ದರೆ ಬೆಚ್ಚನೆ ನೀರಲ್ಲಿ ಕಾಲು ನೆನೆಸಿಯೇ ಸರಿಹೋಗುತ್ತಿತ್ತೋ ಏನೋ."

ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತರು. ಬಾಗಿಲ ಹತ್ತಿರ ಒಂದು ಸ್ಟೂಲ್ ಖಾಲಿ ಇತ್ತು.

"ಅವತ್ತು ನೀನು ಬೇಡ ಅಂದಿದ್ದು..."

"ನೋವು ತಡೀಲಾರ್ದೆ ಅಂದೆ."

"ನಾನು... ಸೆಂದಿಲ್‌ಕುಮಾರ್ ಮೇಲೆ ನಿಂಗೆ..."

ಇಂದುಜಾ ಅವನ ಕಡೆ ತಿರುಗಿದಳು.

"ನಮ್ ಮದುವೇಲಿ ಊಟ ಬಡಿಸಿದ್ನಲ್ಲ, ಅವ್ನಾ? ಅದಕ್ಕಾ ನನ್ನ ಬಿಟ್ಬಿಡೋಕೆ ಒಂಟಿದ್ದು?"

ಅವನು ತಲೆ ತಗ್ಗಿಸಿದ.

"ಒಬ್ಳು ಕಾಲು ಇಂದಕ್ಕೆ ಎಳ್ಕೊಂಡ್ರೆ, ತಲೆಯೆತ್ತಿ ಮುಖ ನೋಡ್ಬೇಕು," ಎಂದಳು. "ನೀವು ನೋಡಿದ್ರಾ? ನೋಡಿದ್ರೆ ಗೊತ್ತಾಗ್ತಿತ್ತು."

"ನೋಡೋಕೆ ಭಯ ಆಯ್ತು, ಇಂದುಜಾ. ಬೇಡ ಅನ್ನೋದು ಮುಖದಲ್ಲೂ ಕಂಡ್ಬಿಟ್ರೆ ಅಂತ."

"ನಾನೇನ್ ಅಂದ್ಕೊಂಡೆ ಗೊತ್ತಾ? ಕೀವು ನೋಡಿ ಅಸಹ್ಯ ಪಟ್ಕೊಂಡ್ರಿ ಅಂತ." ಅವಳ ದನಿ ಒಡೆಯಿತು. "ಮಗ್ಗ ತುಳೀವಾಗೆಲ್ಲ, ಒಂದ್ಸಲ ಕೇಳ್ತಾರಾ ಅಂತ ಕಾಯ್ತಿದ್ದೆ. ನನ್ನ ನೋಡೋಕೆ ಬಂದ ದಿನವೇ ನೀವು ಇಷ್ಟ ಆಗೋಗಿದ್ರಿ. ಅದೇ ನಂಗೆ ಈಗ ಸಿಟ್ಟು. ಇಷ್ಟ ಇರ್ದೆ ಇದ್ದಿದ್ರೆ ಇಷ್ಟು ನೋಯ್ತಾ ಇರ್ಲಿಲ್ಲ."

ಇಳಂಗೋನ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲಿಲ್ಲ.

"ನಂಗೂ ಅಂಗೇ," ಎಂದ. "ಅದಕ್ಕೇ ಕೇಳ್ಲಿಲ್ಲ. ಓಗೋಣ ನಡಿ, ಮನೆಗೆ."

"ಇಲ್ಲ. ಕಾಲು ವಾಸಿ ಆಗೋ ತನಕ ಅಮ್ಮನ ಮನೇಲೇ ಇರ್ತೀನಿ. ನೀವು ಬಿಟ್ಬಿಟ್ರಿ ಅಂತ ಅಲ್ಲ, ನಂಗೇ ಬೇಕು ಅಂತ ಓಗ್ತೀನಿ."

"ಸರಿ. ತಪ್ಪು ನಂದೇ ಅಂತ ನಮ್ಮಮ್ಮನ ಅತ್ರಾನೂ ಏಳ್ತೀನಿ, ನಿಮ್ಮಮ್ಮನ ಅತ್ರಾನೂ ಏಳ್ತೀನಿ."

"ನಮ್ಮಮ್ಮನ ತಪ್ಪೂ ಐತೆ. ನಂದೂ ಐತೆ. ಮುಚ್ಚಿಟ್ಟೆ." ಅವಳು ಮೂಗೊರೆಸಿಕೊಂಡಳು. "ಆದ್ರೂ ನಿಮ್ ಮೇಲಿನ ಸಿಟ್ಟು ಓಗೋಕೆ ತುಂಬ ದಿನ ಆಗ್ತದೆ."

"ಆಗ್ಲಿ. ಅಲ್ಲಿ ತನಕ ನಿನ್ನ ಪಕ್ಕದಲ್ಲೇ ಇರ್ತೀನಿ."

"ಪಕ್ಕದಲ್ಲಿ ಇದ್ದಿದ್ದು ಸಾಕು," ಎಂದಳು ಇಂದುಜಾ. "ಆ ಸ್ಟೂಲ್ ಎಳ್ಕೊಂಡು ಎದುರಿಗೆ ಕೂತ್ಕೊಳ್ಳಿ. ನಿಮ್ ಮುಖ ನಂಗೆ ಕಾಣ್ಬೇಕು."